ಈಗಲೇ ಬೇಡ ಎನ್ನುವ ಬ್ರೋಕರ್

ಈ ಸಂಚಿಕೆಗಾಗಿ ನಾವು ಮಾತನಾಡಿಸಿದವರು ಪಶ್ಚಿಮ ಸಿಡ್ನಿಯಲ್ಲಿ ಎರಡು ದಶಕಗಳಿಂದ ಮಾರ್ಟ್‌ಗೇಜ್ ಬ್ರೋಕರ್ (ಗೃಹಸಾಲ ಕೊಡಿಸುವ ಮಧ್ಯವರ್ತಿ) ಆಗಿರುವ, ಸಂಘದ ಕಿರಿಯರೆಲ್ಲ ಅಕ್ಕ ಎಂದೇ ಕರೆಯುವ ಸದಸ್ಯೆ. ಹೆಸರು ಹಾಕಿದರೆ ಪರಿಚಯ ಹೋಗಿ ಜಾಹೀರಾತಾಗುತ್ತದೆ ಎಂದು ಅವರೇ ಹೇಳಿದ್ದರಿಂದ ಇಲ್ಲಿ ಹೆಸರಿಲ್ಲ.

ಅವರ ತಂದೆ ಉಡುಪಿಯಲ್ಲಿ ಪಿಗ್ಮಿ ಕಲೆಕ್ಟರ್, ಅಂದರೆ ಮನೆಮನೆಗೆ ಹೋಗಿ ದಿನದ ಉಳಿತಾಯ ಸಂಗ್ರಹಿಸುವವರು, ಆಗಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ, ದಿನಕ್ಕೆ ಎರಡಾಣೆ ಉಳಿಸಬಲ್ಲವರಿಗೂ ಖಾತೆ ಇರಲಿ ಎಂದು ಆರಂಭಿಸಿದ ಯೋಜನೆ ಅದು. ಯಾರ ಮನೆಯಲ್ಲಿ ಈ ತಿಂಗಳು ಕೈ ಬಿಗಿಯಾಗಿದೆ ಎಂಬುದು ಮ್ಯಾನೇಜರರಿಗಿಂತ ಮೊದಲು ಅಪ್ಪನಿಗೆ ತಿಳಿಯುತ್ತಿತ್ತು ಎಂದು ಮಗಳು ನೆನೆಯುತ್ತಾರೆ. ಸಂಜೆ ಹೊತ್ತು ಗ್ರಾಹಕರ ಮನೆಗೇ ಹೋಗಿ, ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂರುವ ಅಭ್ಯಾಸ ಇವರಿಗೆ ಅಲ್ಲಿಂದಲೇ ಬಂದಿರಬೇಕು.

ಬಿ.ಕಾಂ. ಮುಗಿಸಿ, ಮದುವೆಯಾಗಿ ಸಿಡ್ನಿಗೆ ಬಂದವರು ಮೊದಲು ಬ್ಯಾಂಕೊಂದರ ಕೌಂಟರಿನಲ್ಲಿ, ಆಮೇಲೆ ಅದರ ಗೃಹಸಾಲ ವಿಭಾಗದಲ್ಲಿ ದುಡಿದರು. 1992ರಲ್ಲಿ ಶುರುವಾದ ಆಸಿ ಹೋಮ್ ಲೋನ್ಸ್‌ನಂಥ ಕಂಪನಿಗಳು ದೊಡ್ಡ ಬ್ಯಾಂಕುಗಳಿಗೆ ಅಷ್ಟರಲ್ಲಾಗಲೇ ಪೈಪೋಟಿ ಒಡ್ಡಿದ್ದವು. ಒಂದೇ ಬ್ಯಾಂಕಿನ ಸಾಲವನ್ನು ಎಲ್ಲರಿಗೂ ಹೊಂದಿಸುವ ಬದಲು ಹತ್ತಾರು ಕಡೆ ಹೋಲಿಸಿ ನೋಡುವ ಕೆಲಸ ಇವರಿಗೆ ಹಿಡಿಸಿತು. ಆಗ ದೇಶಕ್ಕೆಲ್ಲ ಅನ್ವಯಿಸುವ ಪರವಾನಗಿ ವ್ಯವಸ್ಥೆಯೇ ಇರಲಿಲ್ಲ. ಅದು ಬಂದದ್ದು 2009ರ ಗ್ರಾಹಕ ಸಾಲ ರಕ್ಷಣಾ ಕಾಯ್ದೆಯಿಂದ.

ಬ್ರೋಕರ್ ಸೇವೆ ಪುಕ್ಕಟೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಗ್ರಾಹಕರು ಸಾಮಾನ್ಯವಾಗಿ ಶುಲ್ಕ ಕೊಡುವುದಿಲ್ಲವೆಂಬುದು ನಿಜ. ಕೊಡುವುದು ಸಾಲದಾತ ಸಂಸ್ಥೆ. ಸಾಲ ಕೈಸೇರಿದಾಗ ಅದರ ಶೇ. 0.65ರ ಆಸುಪಾಸು, ಆಮೇಲೆ ಉಳಿದ ಅಸಲಿನ ಮೇಲೆ ವರ್ಷಕ್ಕೆ ಶೇ. 0.15ರಷ್ಟು ಟ್ರೇಲ್ ಕಮಿಷನ್ ಬರುತ್ತದೆ. 6 ಲಕ್ಷ ಡಾಲರ್ ಸಾಲಕ್ಕೆ ಮೊದಲು ಸುಮಾರು 3,900 ಡಾಲರ್ ಎಂದಾಯಿತು. ಅದರಲ್ಲಿಯೂ ಬ್ರೋಕರ್ ಮತ್ತು ಸಾಲದಾತರ ನಡುವಿನ ಸಂಸ್ಥೆಗೊಂದು ಪಾಲಿದೆ. ಒಂದೆರಡು ವರ್ಷದೊಳಗೆ ಗ್ರಾಹಕರು ಬೇರೆ ಬ್ಯಾಂಕಿಗೆ ಹೋದರೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದೂ ಉಂಟು. ಸಾಲ ಬೇಡ ಎಂದು ಬುದ್ಧಿ ಹೇಳಿದ ಸಂಜೆಗೆ ಮಾತ್ರ ಬಿಡಿಗಾಸೂ ಇಲ್ಲ. ಇದು ಸರಿಯಾದ ಏರ್ಪಾಡಲ್ಲ ಎಂಬುದು ನಮ್ಮ ಅಭಿಪ್ರಾಯ. 2019ರಲ್ಲಿ, ಬ್ಯಾಂಕುಗಳ ಅಕ್ರಮಗಳ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಹೇನ್ ಅವರ ಆಯೋಗವೂ ಶುಲ್ಕವನ್ನು ಸಾಲಗಾರರೇ ಕೊಡುವಂತಾಗಬೇಕೆಂದು ಶಿಫಾರಸು ಮಾಡಿತ್ತು. ಹಾಗೆ ಮಾಡಿದರೆ ಜನ ಮತ್ತೆ ದೊಡ್ಡ ಬ್ಯಾಂಕುಗಳ ಬಾಗಿಲಿಗೇ ಹೋಗುತ್ತಾರೆಂಬುದು ಅಕ್ಕನ ವಾದ. ಸರ್ಕಾರ ಕಮಿಷನ್ ಉಳಿಸಿ, 2021ರ ಜನವರಿಯಿಂದ ಗ್ರಾಹಕರ ಹಿತವನ್ನೇ ಮುಂದಿಡಬೇಕೆಂಬ ಕಾನೂನುಬದ್ಧ ಹೊಣೆಯನ್ನು ಬ್ರೋಕರ್‌ಗಳ ಮೇಲೆ ಹೊರಿಸಿತು.

ಆ ಹೊಣೆ ಕಾಣುವುದು ಮೇಜಿನ ಮೇಲಿನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ. ಅವರು ಪೆನ್ಸಿಲ್ ಹಿಡಿದು ಊರಿಗೆ ತಿಂಗಳಾ ಕಳಿಸುವ ಹಣಕ್ಕೆ ಗುರುತು ಹಾಕುತ್ತಾರೆ, ಏಕೆಂದರೆ ಬ್ಯಾಂಕಿಗೆ ಅದು ಖರ್ಚು. ಬಳಸದೆ ಇಟ್ಟುಕೊಂಡ ಕ್ರೆಡಿಟ್ ಕಾರ್ಡ್ ಇದೆಯೇ ಎಂದು ಕೇಳುತ್ತಾರೆ. ಒಂದು ಡಾಲರ್ ಬಾಕಿ ಇಲ್ಲದಿದ್ದರೂ ಸಾಲದ ಅರ್ಹತೆ ಅಳೆಯುವಾಗ ಕಾರ್ಡಿನ ಪೂರ್ತಿ ಮಿತಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರಂತೆ. ಮೈಸೂರಿನ ಸೈಟು ಮಾರಿ ಅಪ್ಪ ಅಮ್ಮ ಕಳಿಸಿದ ಹಣಕ್ಕೆ ಪತ್ರ ಬೇಕು. ಇಷ್ಟೆಲ್ಲ ನೋಡಿದ ಮೇಲೆ ಅವರು ಕೆಲವರಿಗೆ ಹೇಳುವುದಿಷ್ಟೆ: "ಈಗಲೇ ಬೇಡ ಮಾರಾಯ, ಒಂದು ವರ್ಷ ತಡೀರಿ."

2021ರಲ್ಲಿ ಈ ಮಾತು ಯಾರಿಗೂ ರುಚಿಸುತ್ತಿರಲಿಲ್ಲ. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ಬಡ್ಡಿದರ ಶೇ. 0.10ಕ್ಕೆ ಇಳಿದಿತ್ತು, ಶೇ. 2ರ ಸುಮಾರಿಗೆ ಸ್ಥಿರ ಬಡ್ಡಿಯ ಸಾಲ ಸಿಗುತ್ತಿತ್ತು. 2022ರ ಮೇ ತಿಂಗಳಿಂದ 2023ರ ನವೆಂಬರ್‌ವರೆಗೆ ಹದಿಮೂರು ಸಲ ಏರಿದ ಆ ದರ ಶೇ. 4.35ಕ್ಕೆ ಮುಟ್ಟಿತು. 30 ವರ್ಷದ 6 ಲಕ್ಷ ಡಾಲರ್ ಸಾಲಕ್ಕೆ ಬಡ್ಡಿ ಶೇ. 2 ಇದ್ದಾಗ ತಿಂಗಳ ಕಂತು ಸುಮಾರು 2,200 ಡಾಲರ್, ಶೇ. 6 ಆದರೆ ಸುಮಾರು 3,600. ಸ್ಥಿರ ಅವಧಿ ಮುಗಿಯುವ ಮುಂಚೆಯೇ ಒಬ್ಬೊಬ್ಬರಿಗೂ ಫೋನ್ ಮಾಡಿ, ಹೊಸ ಕಂತಿನಷ್ಟು ಹಣವನ್ನು ಈಗಿನಿಂದಲೇ ಆಫ್‌ಸೆಟ್ ಖಾತೆಗೆ (ಅದರಲ್ಲಿರುವಷ್ಟು ಹಣದ ಮಟ್ಟಿಗೆ ಸಾಲಕ್ಕೆ ಬಡ್ಡಿ ಬೀಳದು) ಹಾಕುತ್ತಾ ಹೋಗಿ ಎಂದು ಹೇಳಿದ್ದೇ ತನ್ನ ವೃತ್ತಿಯ ಅತ್ಯಂತ ಉಪಯುಕ್ತ ಕೆಲಸವೆಂದು ಅವರು ಭಾವಿಸುತ್ತಾರೆ. ಟ್ರೇಲ್ ಕಮಿಷನ್ ಇರುವುದು ಇಂಥದ್ದಕ್ಕೇ ಎಂದಾಗ ನಮ್ಮ ಆಕ್ಷೇಪ ತುಸು ಸಡಿಲವಾಯಿತು, ಪೂರ್ತಿ ಅಲ್ಲ.

ನಿವೃತ್ತಿಯ ಯೋಚನೆ ಶುರುವಾಗಿದೆ. ಹಾಸನದ ಕಡೆಯ ಹುಡುಗಿಯೊಬ್ಬಳು ಇವರ ಕೈಕೆಳಗೆ ಕಲಿಯುತ್ತಿದ್ದಾಳೆ. ಹೊಸಬರು ಎರಡು ವರ್ಷ ಅನುಭವಿಗಳ ಮಾರ್ಗದರ್ಶನದಲ್ಲಿ ಇರಬೇಕೆಂಬುದು ಈ ವೃತ್ತಿಯ ನಿಯಮ. ಮುಂದೆ ತಮ್ಮ ಗ್ರಾಹಕರನ್ನೆಲ್ಲ ಅವಳಿಗೇ ಒಪ್ಪಿಸುವ ಇರಾದೆ ಇದೆಯಂತೆ, ಸಂಜೆ ಮನೆಮನೆಗೆ ಹೋಗಲು ಅವಳು ಒಪ್ಪಿದರೆ.