ಮಗಳ ರಿಪೋರ್ಟ್ ಬಂತು, ಎಲ್ಲರಿಗೂ ಥ್ಯಾಂಕ್ಸ್

ಮೊನ್ನೆ ಮಗಳ ರಿಪೋರ್ಟ್ ಬಂತು. ಹೆಪಟೈಟಿಸ್ ಬಿ, ಅಂದರೆ ಲಿವರ್‌ಗೆ ತಗುಲುವ ವೈರಸ್ ಸೋಂಕು, ನೆಗೆಟಿವ್. ಲಸಿಕೆಯಿಂದ ಬಂದ ಆಂಟಿಬಾಡಿ 10 ಇದ್ದರೆ ಸಾಕಂತೆ, ಅವಳದ್ದು 300 ದಾಟಿದೆ. ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಸ್ಟೇಷನ್ ಹೊರಗೆ ವಡಾಪಾವ್ ಗಾಡಿಯ ಪಕ್ಕ ನಿಂತು ಮೊಬೈಲಲ್ಲಿ ಮೂರು ಸಲ ಓದಿದೆ. ಆಮೇಲೆ ಅಳು ಬಂತು. ಗಾಡಿಯವನು ಏನೂ ಕೇಳದೆ ನೀರು ಕೊಟ್ಟ. ಮೊದಲ ಥ್ಯಾಂಕ್ಸ್ ಅವನಿಗೇ ಇರಲಿ.

ನನಗೆ ಈ ಸೋಂಕು ಇದೆ ಅಂತ ಗೊತ್ತಾಗಿದ್ದು ಮೂರು ತಿಂಗಳ ಬಸುರಿಯಾಗಿದ್ದಾಗ, ಮಾಮೂಲಿ ರಕ್ತ ಪರೀಕ್ಷೆಯಲ್ಲಿ. ಕಣ್ಣು ಹಳದಿ ಇಲ್ಲ, ಸುಸ್ತಿಲ್ಲ, ಏನೂ ಇಲ್ಲ. ಆಗ ತೋರಿಸುತ್ತಿದ್ದ ನರ್ಸಿಂಗ್ ಹೋಮ್‌ನವರು ರಿಪೋರ್ಟ್ ನೋಡಿ "ಬೇರೆ ಕಡೆ ನೋಡ್ಕೊಳ್ಳಿ" ಅಂದರು. ಅವರ ವಿಷಯ ಅಷ್ಟೇ ಸಾಕು.

ನಾನು ಹುಟ್ಟಿದ್ದು 1994ರಲ್ಲಿ, ಕುಂದಾಪುರದ ಹತ್ತಿರ. ಆಗ ಸರ್ಕಾರ ಕೊಡುವ ಲಸಿಕೆಗಳಲ್ಲಿ ಇದು ಇರಲೇ ಇಲ್ಲ. ದೇಶದ ಎಲ್ಲ ಕಡೆ ಬರುವಾಗ 2011 ಆಗಿತ್ತು. ಊರಲ್ಲಿ ಅಮ್ಮನಿಗೆ ಟೆಸ್ಟ್ ಮಾಡಿಸಿದರೆ ಅವಳಿಗೂ ಇದೆ. ಹುಟ್ಟುವಾಗಲೇ ನನಗೆ ಬಂದಿರಬೇಕು ಅಂದರು ಹೊಸ ಡಾಕ್ಟರ್. ದೊಡ್ಡವರಿಗೆ ತಗುಲಿದರೆ ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದಂತೆ. ಹುಟ್ಟುವಾಗ ತಗುಲಿದ ಮಕ್ಕಳಲ್ಲಿ ಮಾತ್ರ 100ಕ್ಕೆ 90 ಮಂದಿಗೆ ಅದು ಒಳಗೇ ಉಳಿದುಬಿಡುತ್ತದೆ. ಈ ಲೆಕ್ಕ ಕೇಳಿದ ರಾತ್ರಿ ನನಗೆ ನಿದ್ದೆ ಇಲ್ಲ.

ಅತ್ತೆ ನನ್ನ ಸ್ಟೀಲ್ ಲೋಟದ ತಳಕ್ಕೆ ಕೆಂಪು ನೇಲ್ ಪಾಲಿಶ್ ಹಚ್ಚಿ ಬೇರೆ ಇಟ್ಟರು. ಊರಿಂದ ನೆಲನೆಲ್ಲಿ ತರಿಸುತ್ತೇನೆ ಅಂತಲೂ ಹೊರಟಿದ್ದರು. ಕಾಮಾಲೆಯೇ ಇಲ್ಲದವಳಿಗೆ ಕಾಮಾಲೆ ಮದ್ದು! ಹೊಸ ಆಸ್ಪತ್ರೆಯಲ್ಲಿ ಹುಬ್ಬಳ್ಳಿ ಕಡೆಯ ಸಿಸ್ಟರ್ ಒಬ್ಬರು ಸಿಕ್ಕಿದರು. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: "ಅಮ್ಮಾರ, ಇದು ಊಟದಿಂದ ಬರಂಗಿಲ್ಲ, ರಕ್ತದಿಂದ ಬರತೈತಿ. ಲೋಟ ಬ್ಯಾರೆ ಮಾಡಬ್ಯಾಡ್ರಿ, ಬ್ಲೇಡು ಬ್ಯಾರೆ ಮಾಡ್ರಿ." ಮನೆಗೆ ಬಂದು ಅತ್ತೆ ಅದೇ ಲೋಟದಲ್ಲಿ ಚಹಾ ಹಾಕಿಕೊಂಡು ಕುಡಿದರು. ಸಾರಿ ಗೀರಿ ಏನೂ ಹೇಳಲಿಲ್ಲ. ನನಗೆ ಅಷ್ಟು ಸಾಕಿತ್ತು. ಸಿಸ್ಟರ್, ನಿಮ್ಮ ಋಣ ದೊಡ್ಡದು.

ವೈರಸ್ ಪ್ರಮಾಣ ಜಾಸ್ತಿ ಇದ್ದುದರಿಂದ ಏಳನೇ ತಿಂಗಳಿಂದ ಅದನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆ ಶುರುವಾಯಿತು. ಮಗು ಹುಟ್ಟಿದ ತಕ್ಷಣ ಲಸಿಕೆ, ಜೊತೆಗೆ ಹನ್ನೆರಡು ಗಂಟೆಯೊಳಗೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಆಂಟಿಬಾಡಿ) ಇಂಜೆಕ್ಷನ್, ಇದು ಪ್ಲಾನ್. ಇಂಜೆಕ್ಷನ್ ನಾವೇ ತರಬೇಕಿತ್ತು. ಮುಂದಿನ ವಾರ ತಂದರಾಯಿತು ಅಂತ ಕೂತಿದ್ದೆವು. ಮಗಳು ಎರಡು ವಾರ ಮೊದಲೇ ಬಂದಳು, ಸಂಜೆ ಏಳಕ್ಕೆ. ಡೊಂಬಿವಲಿಯಲ್ಲಿ ಕೇಳಿದ ನಾಲ್ಕು ಅಂಗಡಿಯಲ್ಲೂ ಇಲ್ಲ. ಮೈದುನ ಮುಂಬೈನ ಪರೇಲ್‌ಗೆ ಓಡಿದ. ಅಲ್ಲಿ ಅಂಗಡಿಯವರು ಬಾಟಲಿಗೆ ಪೇಪರ್ ಸುತ್ತಿ, "ಐಸ್‌ಗೆ ನೇರ ತಾಗಬಾರದು, ಹೆಪ್ಪುಗಟ್ಟಿದರೆ ಹಾಳು" ಅಂತ ಹೇಳಿ ಥರ್ಮಾಸ್‌ನಲ್ಲಿ ಇಟ್ಟುಕೊಟ್ಟರಂತೆ. ದಾದರ್‌ನಿಂದ ಕಲ್ಯಾಣ್ ಫಾಸ್ಟ್ ಲೋಕಲ್ ರೈಲಿನಲ್ಲಿ ಆ ಥರ್ಮಾಸನ್ನು ಎದೆಗೆ ಅವಚಿಕೊಂಡು ನಿಂತೇ ಬಂದ. ಯಾರೋ "ಒಳಗೆ ಏನು, ಕುಲ್ಫಿನಾ?" ಅಂತ ಕೇಳಿದರಂತೆ. ಹನ್ನೊಂದೂವರೆಗೆ ಇಂಜೆಕ್ಷನ್ ಆಯಿತು. ಒಂದು ತೊಡೆಗೆ ಲಸಿಕೆ ಮೊದಲೇ ಆಗಿತ್ತು, ಇನ್ನೊಂದಕ್ಕೆ ಇದು. ಅವನು ಕಾರಿಡಾರ್ ಬೆಂಚಿನ ಮೇಲೆ ಶೂ ಬಿಚ್ಚದೆ ನಿದ್ದೆ ಹೋಗಿದ್ದ.

ಉಳಿದ ಲಸಿಕೆಗಳು 6, 10, 14ನೇ ವಾರಕ್ಕೆ ಸರಿಯಾಗಿ ಆದವು. ಹಾಲೂಡಿಸಲು ಹೆದರಬೇಡ ಅಂತ ಡಾಕ್ಟರ್ ಹೇಳಿದ್ದರು, ಊಡಿಸಿದೆ. ಗಂಡನಿಗೆ ನೆಗೆಟಿವ್ ಬಂತು, ಅವರೂ ಆರು ತಿಂಗಳಲ್ಲಿ ಮೂರು ಡೋಸ್ ಮುಗಿಸಿದರು. ಈಗ ಸಲೂನಿಗೆ ಹೋದರೆ ಕಣ್ಣೆದುರೇ ಹೊಸ ಬ್ಲೇಡ್ ಹಾಕಿಸುತ್ತಾರೆ. ನನ್ನ ಮಾತ್ರೆ ಮುಂದುವರಿದಿದೆ, ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್.

ಊರಲ್ಲಿರುವ ನನ್ನ ತಮ್ಮ ಮಾತ್ರ ಇನ್ನೂ ಟೆಸ್ಟ್ ಮಾಡಿಸಿಲ್ಲ. "ನಂಗೇನಾಗಿದೆ ಅಕ್ಕಾ, ಗಟ್ಟಿಮುಟ್ಟಾಗಿದ್ದೇನೆ" ಅನ್ನುತ್ತಾನೆ. ನಾನೂ ಹಾಗೇ ಇದ್ದೆನಲ್ಲ ಮಾರಾಯ. ಇದನ್ನು ಓದಿದ ಮೇಲಾದರೂ ನಾಳೆ ಬೆಳಿಗ್ಗೆ ಹೋಗು, ರಿಪೋರ್ಟ್ ನಂಗೆ ಕಳಿಸು.