ವಿನೋದಾವಳಿ ಮುಗಿಯಿತು, ಅಕ್ಕನಿಗೆ ಒಂದು ಮಾತು ಹೇಳಬೇಕು

ವಿವಿಧ ವಿನೋದಾವಳಿ ಮುಗಿಯಿತು. ಬಾಡಿಗೆಗೆ ತಂದಿದ್ದ ಪರದೆ, ಕೇಬಲ್ಲು, ಸ್ಪೀಕರ್ ಎಲ್ಲ ವಾಪಸ್ ಹೋದವು. ಹಾಡಿದವರು, ಕುಣಿದವರು, ಮಿಮಿಕ್ರಿ ಮಾಡಿ ನಗಿಸಿದವರು, ಮಕ್ಕಳಿಗೆ ಬಣ್ಣ ಹಚ್ಚಿದವರು, ಕುರ್ಚಿ ಹಾಕಿ ಮತ್ತೆ ಎತ್ತಿಟ್ಟವರು, ಕೊನೆಯ ಐಟಂವರೆಗೂ ಎದ್ದು ಹೋಗದೆ ಕೂತವರು, ನಿಮಗೆಲ್ಲರಿಗೂ ಮನಸಾರೆ ಧನ್ಯವಾದ.

ಕಾರ್ಯಕ್ರಮದ ವಾರ ನಮ್ಮ ಮನೆಗೆ ಎಂಥ ಕಷ್ಟ ಬಂತು ಎಂಬುದು ನಿಮಗೆ ಗೊತ್ತೇ ಇದೆ, ಮತ್ತೆ ಬರೆಯಲಾರೆ. ಬರೆಯಬೇಕಿರುವುದು ಕಾರ್ಯಕ್ರಮದ ಹಿಂದಿನ ರಾತ್ರಿಯ ಬಗ್ಗೆ, ಪರದೆಯ ಹಿಂದೆ ನಿಂತು ಎಲ್ಲವನ್ನೂ ನಡೆಸಿದ ಅಕ್ಕನ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ತಾಲೀಮಿಗೆ ಎಲ್ಲರೂ ಬಂದಿದ್ದರು. ನಾನು ಐಟಂಗಳ ಪಟ್ಟಿ ಹಿಡಿದು ನಿಂತಿದ್ದೆ, ಓದಿದ್ದು ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಸ್ಪೀಕರಿನಲ್ಲಿ ಬೇರೆ ಗುಂಯ್ ಎನ್ನುವ ಸದ್ದು. ಮುಂದೂಡೋಣವೇ ಎಂದು ಯಾರೋ ಕೇಳಿದರು. ಅಕ್ಕ ಅದಕ್ಕೆ ಉತ್ತರ ಕೊಡಲಿಲ್ಲ. ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು, "ನೀನು ಕೂತ್ಕೋ, ನಾನಿದ್ದೀನಿ" ಅಂದರು.

ಮೊದಲು ಆ ಸದ್ದು. ಮೈಕುಗಳ ದನಿ ಬೆರೆಸುವ ಮಿಕ್ಸರಿಗೆ ಒಂದು ಕಡೆಯ ಕರೆಂಟು, ಆಂಪ್ಲಿಫೈಯರಿಗೆ ಇನ್ನೊಂದು ಕಡೆಯದು. ಎರಡನ್ನೂ ಒಂದೇ ಪಾಯಿಂಟಿಗೆ ಹಾಕಿಸಿದರು. ಅರ್ಥಿಂಗ್ ಒಂದಾದದ್ದೇ ಸದ್ದು ನಿಂತಿತು. ಆಮೇಲೆ ಪಟ್ಟಿ. ಗುಂಪು ನೃತ್ಯಕ್ಕೆ ರಂಗ ಪೂರ್ತಿ ಖಾಲಿ ಬೇಕು, ಅದರ ಬೆನ್ನಿಗೇ ತಬಲಾ, ಹಾರ್ಮೋನಿಯಂ ಬಂದರೆ ಮೈಕು ಜೋಡಿಸುವವರೆಗೆ ಸಭೆ ಸುಮ್ಮನೆ ಕಾಯಬೇಕು. ಹಾಗಾಗಿ ನಡುವೆ ಮಿಮಿಕ್ರಿಯವರನ್ನು ಪರದೆಯ ಮುಂದೆ ನಿಲ್ಲಿಸಿದರು. ಮುಂದೆ ನಗು, ಹಿಂದೆ ಕೆಲಸ. ಪುಟ್ಟ ಮಕ್ಕಳು ನಿದ್ದೆಗೆ ಜಾರುವ ಮೊದಲೇ ಮುಗಿಸಲೆಂದು ಅವರನ್ನು ಶುರುವಿಗೆ ತಂದರು. ಡ್ರಮ್ಸ್‌ನ ಅಬ್ಬರ ಕೇಳಿದ ಕಿವಿಗೆ ಮೆಲುದನಿಯ ಏಕಪಾತ್ರಾಭಿನಯ ತಾಕದು ಎಂದು ಅದನ್ನು ಮೇಲಕ್ಕೆ ಸರಿಸಿದರು. ಪೂರ್ತಿ ತಾಲೀಮಿಗೆ ಹೊತ್ತಿರಲಿಲ್ಲ. ಪ್ರತಿ ಐಟಂನ ಮೊದಲ ಸಾಲು, ಕೊನೆಯ ಸಾಲು, ಯಾರು ಯಾವ ಕಡೆಯಿಂದ ಒಳಗೆ, ಯಾವ ಕಡೆಯಿಂದ ಹೊರಗೆ, ಇಷ್ಟನ್ನೇ ಮಾಡಿಸಿದರು. ಇಂಥ ಕಾರ್ಯಕ್ರಮ ಎಡವುವುದು ಹಾಡಿನಲ್ಲಲ್ಲ, ಎರಡು ಐಟಂಗಳ ನಡುವಿನ ಸಂದಿನಲ್ಲಿ.

ಎಲ್ಲರೂ ಹೋದ ಮೇಲೆ, ರಾತ್ರಿ 2 ಗಂಟೆಗೆ, ನಾನು ಅತ್ತುಬಿಟ್ಟೆ. ತಡೆದಿಟ್ಟುಕೊಂಡಿದ್ದೆಲ್ಲ ಒಟ್ಟಿಗೇ ಬಂತು. ಇಂಥ ಹೊತ್ತಿನಲ್ಲಿ ಈ ಹಾಡು ಕುಣಿತ ಯಾರಿಗೆ ಬೇಕಿತ್ತು ಎಂದು ಕೇಳಿದೆ. ಅಕ್ಕ ಸಮಾಧಾನ ಹೇಳಲಿಲ್ಲ. ರಂಗದ ಮೇಲೆ ಗುರುತಿಗೆ ಅಂಟಿಸುವ ಟೇಪನ್ನು ತುಂಡು ಮಾಡುತ್ತಾ ಪಕ್ಕದಲ್ಲೇ ಕೂತಿದ್ದರು. ನನ್ನ ಅಳು ನಿಂತ ಮೇಲೆ ಪಟ್ಟಿ ತೋರಿಸಿ, "ಮೊದಲನೇ ಸಲ ಮೈಕು ಹಿಡಿಯೋರು ಇದರಲ್ಲಿ ಎಷ್ಟು ಜನ ಇದ್ದಾರೆ ನೋಡು" ಅಂದರು. ಬೆರಳಿಟ್ಟು ಒಂದೊಂದೇ ಹೆಸರು ಓದಿದರು.

ಮರುದಿನ ಆ ಹೆಸರಿನವರೆಲ್ಲ ಬೆಳಕಿಗೆ ಬಂದು ನಿಂತರು. ಮೊದಲ ಸಾಲಿನಲ್ಲಿ ದನಿ ನಡುಗಿದ ಆ ಹಿರಿಯರು ಎರಡನೇ ಚರಣಕ್ಕೆ ಕಣ್ಣು ಮುಚ್ಚಿ ಹಾಡಿದ್ದನ್ನು ನೀವೂ ಕೇಳಿದ್ದೀರಿ. ಅವರು ಇಳಿದು ಬಂದಾಗ ಕತ್ತಲಲ್ಲಿ ಕೈ ಹಿಡಿದವರು ಅಕ್ಕ.

ಅಕ್ಕ, ಕೊನೆಗೆ ವೇದಿಕೆಗೆ ಕರೆದಾಗ ನೀವು ಬರಲಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ: ಈ ಕಾರ್ಯಕ್ರಮ ನಡೆದದ್ದು ನಿಮ್ಮಿಂದ, ನಾನು ಆ ವಾರ ದಾಟಿದ್ದೂ ನಿಮ್ಮಿಂದ.