ಗುಂಯ್‌ಗುಡುವ ಪವರ್ ಆಂಪ್ಲಿಫೈಯರ್: ನನ್ನ ನಾಲ್ಕನೇ ಮತ್ತು ಕೊನೆಯ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಸ್ಟೀರಿಯೋ ಪವರ್ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸದ್ದು, ಮತ್ತು ನನ್ನ ಕಿವಿಯ ಬಗ್ಗೆ ನಿಮ್ಮ ಜಾಬ್ ಶೀಟಿನಲ್ಲಿ ಬರೆದಿರುವ ಮಾತು

ಮಾನ್ಯರೇ,

ಈ ಪತ್ರವನ್ನು ತಾಳ್ಮೆಯಿಂದ ಬರೆಯಬೇಕು ಅಂತ ಮೂರು ದಿನ ಕಾದೆ. ತಾಳ್ಮೆ ಬರಲಿಲ್ಲ. ಆದ್ದರಿಂದ ಇರುವಷ್ಟರಲ್ಲೇ ಬರೆಯುತ್ತಿದ್ದೇನೆ.

ಐದು ತಿಂಗಳ ಹಿಂದೆ ನಿಮ್ಮ ಅತಿ ದೊಡ್ಡ ಸ್ಟೀರಿಯೋ ಪವರ್ ಆಂಪ್, ಅಂದರೆ ಸ್ಪೀಕರುಗಳಿಗೆ ಶಕ್ತಿ ತುಂಬುವ ಡಬ್ಬಿ, ತೆಗೆದುಕೊಂಡೆ. ಅದರ ನಾದದ ಬಗ್ಗೆ ನನ್ನ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರತಿ ಸಲ ಫೋನ್ ಮಾಡಿದಾಗಲೂ ನಿಮ್ಮವರು "ಸೌಂಡ್ ಚೆನ್ನಾಗಿದೆಯಲ್ಲ ಸಾರ್, ಮತ್ತೇನು?" ಅಂತ ಕೇಳುತ್ತಾರೆ. ಚೆನ್ನಾಗಿದೆ. ನನ್ನ ಸ್ಪೀಕರುಗಳ ಮೇಲೆ 8 ಓಮ್ ಅಂತ ಬರೆದಿದ್ದರೂ ಕೆಳಗಿನ ಬೇಸ್‌ನಲ್ಲಿ ಅವು 3 ಓಮ್ ಹತ್ತಿರಕ್ಕೆ ಇಳಿಯುತ್ತವೆ. ಓಮ್ ಇಳಿದಷ್ಟೂ ಆಂಪಿನ ಮೇಲೆ ಹೊರೆ ಜಾಸ್ತಿ. ಹಳೆಯ ಆಂಪ್ ಅಲ್ಲಿ ಏದುಸಿರು ಬಿಡುತ್ತಿತ್ತು. ನಿಮ್ಮದು ಅಲುಗಾಡುವುದಿಲ್ಲ. ಡ್ರಮ್ಮಿನ ಏಟು ಬಿದ್ದಲ್ಲೇ ನಿಲ್ಲುತ್ತದೆ, ಹಿಂದೆ ಬಾಲ ಎಳೆಯುವುದಿಲ್ಲ. ಪಿಯಾನೋದ ಎಡಗೈ ಸ್ವರಗಳು ಒಂದರ ಮೇಲೊಂದು ಮೆತ್ತಿಕೊಳ್ಳುವುದಿಲ್ಲ. ಹಾಡುವವರು ಸಾಲಿಗೆ ಮೊದಲು ಉಸಿರು ಎಳೆದುಕೊಳ್ಳುವುದು ಕೂಡ ಕೇಳುತ್ತದೆ.

ಇದನ್ನು ಸುಮ್ನೆ ಹೊಗಳಲು ಹೇಳುತ್ತಿಲ್ಲ. ಎರಡೂ ಆಂಪುಗಳನ್ನು ಪಕ್ಕಪಕ್ಕ ಇಟ್ಟು, ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದು, ಎರಡರಲ್ಲೂ 2.83 ವೋಲ್ಟ್ ಬರುವಂತೆ, ಅಂದರೆ ಎರಡರ ಸದ್ದೂ ಒಂದೇ ಮಟ್ಟಕ್ಕೆ ಇರುವಂತೆ ಮಾಡಿಕೊಂಡು ಆಮೇಲೆ ಕೇಳಿದ್ದೇನೆ. ನಿಮ್ಮ ಷೋರೂಮಿನಲ್ಲಿ ಹಾಗೆ ಮಾಡಲಿಲ್ಲ. ಅಲ್ಲಿ ಮಾರಬೇಕಾದ ಆಂಪಿನ ವಾಲ್ಯೂಮ್ ಒಂದು ಕೂದಲೆಳೆ ಜಾಸ್ತಿ ಇತ್ತು. ಅರ್ಧ ಡೆಸಿಬಲ್ ಹೆಚ್ಚಿದ್ದರೂ ಜನ "ಇದರಲ್ಲಿ ಜೀವ ಇದೆ" ಅನ್ನುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಅಲ್ಲೇ ಹೇಳಿದಾಗ ನಿಮ್ಮ ಮಾರಾಟದ ಹುಡುಗ ಕೈಮುಗಿದು "ನಿಮ್ಮದು ಸಂಗೀತದ ಕಿವಿ ಸಾರ್, ಇಂಥ ಕಿವಿ ಇರೋರಿಗೇ ನಾವು ಈ ಆಂಪ್ ಮಾಡೋದು" ಅಂದಿದ್ದ. ಆ ಮಾತು ದಯವಿಟ್ಟು ನೆನಪಿರಲಿ. ಮುಂದೆ ಬೇಕಾಗುತ್ತದೆ.

ನನ್ನ ತಕರಾರು ಇಷ್ಟೇ. ಡಬ್ಬಿ ಗುಂಯ್ ಅನ್ನುತ್ತದೆ. ಸ್ಪೀಕರ್ ಅಲ್ಲ, ಡಬ್ಬಿ. ಮೂರು ಮೀಟರ್ ದೂರದ ನನ್ನ ಕುರ್ಚಿಗೆ, ರಾತ್ರಿ ಹತ್ತು ಗಂಟೆಯ ಮೇಲೆ, ಹಾಡಿನ ಮೆಲುದನಿಯ ಜಾಗದಲ್ಲೆಲ್ಲಾ ಅದು ಕೇಳುತ್ತದೆ. ನಿಮ್ಮ ಬ್ರೋಷರಿನಲ್ಲಿ "ಕಡುಗಪ್ಪು ನಿಶ್ಶಬ್ದ" ಅಂತ ಬರೆದಿದ್ದೀರಿ. ನಿಶ್ಶಬ್ದಕ್ಕೆ ಬಣ್ಣ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇದ್ದರೂ ಅದು ಗುಂಯ್ ಅನ್ನಬಾರದು, ಅಲ್ವಾ? ಅದರ ಕೆಳಗೇ 120 ಡೆಸಿಬಲ್ ಸಿಗ್ನಲ್ ಟು ನಾಯ್ಸ್ (ಹಾಡಿಗೂ ಹಿನ್ನೆಲೆಯ ಗೊರಗೊರಕ್ಕೂ ಇರುವ ಅಂತರ) ಅಂತ ದಪ್ಪಕ್ಷರದಲ್ಲಿ ಹಾಕಿದ್ದೀರಿ. ಆ ಅಂಕಿಯನ್ನು ಅಳೆಯುವುದು ಸ್ಪೀಕರ್ ಟರ್ಮಿನಲ್ಲಿನಲ್ಲಿ. ಅಲ್ಲಿ ಅದು ನಿಜವೇ ಇರಬಹುದು. ಆದರೆ ಕೋಣೆಯಲ್ಲಿ ಕೂತವನಿಗೆ ಟರ್ಮಿನಲ್ ಒಂದೇ ಅಲ್ಲ, ಡಬ್ಬಿಯೂ ಕೇಳುತ್ತದೆ.

ಮೊದಲ ಫೋನಿಗೆ ಸಿಕ್ಕ ಉತ್ತರ: "ಸ್ಪೀಕರ್ ವೈರ್ ಬದಲಾಯಿಸಿ ನೋಡಿ." ಸ್ಪೀಕರ್ ವೈರೇ ಹಾಕಿಲ್ಲ, ಬರೀ ಪವರ್ ಕೇಬಲ್ ಹಾಕಿದ್ದೇನೆ, ಆದರೂ ಸದ್ದು ಬರುತ್ತಿದೆ ಅಂದೆ. "ಹಾಗಾದ್ರೆ ಬೇರೆ ಸ್ಪೀಕರ್ ಹಾಕಿ ನೋಡಿ" ಅಂದರು. ಎರಡನೇ ಸಲ ಅರ್ಥಿಂಗ್ ಅಂದರು. ಅರ್ಥಿಂಗ್ ತೊಂದರೆಯಾದರೆ, ಗ್ರೌಂಡ್ ಲೂಪ್ (ಎರಡು ಕಡೆ ಅರ್ಥಿಂಗ್ ಸೇರಿ ಸುತ್ತು) ಆದರೆ, ಸದ್ದು ಸ್ಪೀಕರಿನಲ್ಲಿ ಬರುತ್ತದೆ. ಸ್ಪೀಕರೇ ಇಲ್ಲದ ಮೇಲೆ ಎಲ್ಲಿ ಬರಬೇಕು? ಮೂರನೇ ಸಲ ಸರ್ವಿಸ್ ಸೆಂಟರಿಗೆ ಕಳಿಸಿ ಅಂದರು. ಕಳಿಸಿದೆ. 23 ದಿನ ಇಟ್ಟುಕೊಂಡು "ದೋಷ ಕಂಡುಬಂದಿಲ್ಲ" ಅಂತ ಚೀಟಿ ಹಚ್ಚಿ ವಾಪಸ್ ಕಳಿಸಿದಿರಿ. ದೋಷ ಕಂಡುಬಂದಿರಲಿಲ್ಲ, ಸರಿ. ಬಲಗಡೆ ಹೀಟ್ ಸಿಂಕಿನ (ಬಿಸಿ ಹೊರಹಾಕುವ ಲೋಹದ ರೆಕ್ಕೆಗಳ ಸಾಲು) ಒಂದು ರೆಕ್ಕೆ ಬಾಗಿದ್ದು ಮಾತ್ರ ಕಂಡುಬಂತು.

ಕಳಿಸುವುದು ಅಂತ ಸುಲಭವಾಗಿ ಬರೆದುಬಿಟ್ಟೆ. ಈ ಆಂಪ್ 46 ಕೆ.ಜಿ. ತೂಗುತ್ತದೆ. ಹಿಡಿ ಇಲ್ಲ. ಎರಡೂ ಪಕ್ಕದಲ್ಲಿ ಹೀಟ್ ಸಿಂಕ್, ಅದರ ಅಂಚು ಚಾಕುವಿನ ಹಾಗೆ. ಇದನ್ನು ವಿನ್ಯಾಸ ಮಾಡಿದವರು ಜೀವನದಲ್ಲಿ ಒಂದು ಸಲವಾದರೂ ಇದನ್ನು ಎತ್ತಿದ್ದಾರಾ? ಮಹಡಿಯ ಮನೆಯವರು ಪಾಪ ಸಹಾಯಕ್ಕೆ ಬಂದು ಅಂಗೈ ಕುಯ್ದುಕೊಂಡು ಹೋದರು. ಆನ್ ಮಾಡುವ ಸ್ವಿಚ್ಚು ಹಿಂದುಗಡೆ, ಪವರ್ ಸಾಕೆಟ್ಟಿನ ಪಕ್ಕ. ಸುಮ್ಮನೆ ಕೂತಾಗಲೇ 280 ವ್ಯಾಟ್ ಕುಡಿಯುವ ಕ್ಲಾಸ್ ಎ ಆಂಪ್ ಇದು. ದಿನವೂ ಆರಿಸಬೇಕು. ಅಂದರೆ ದಿನವೂ ಎರಡು ಸಲ ಗೋಡೆಗೂ ಡಬ್ಬಿಗೂ ನಡುವೆ ಕೈ ತೂರಿಸಬೇಕು, ಬಿಸಿ ರೆಕ್ಕೆ ತಾಗಿಸಿಕೊಂಡು. ಸ್ಪೀಕರ್ ಟರ್ಮಿನಲ್ಲುಗಳು ಎಷ್ಟು ಒತ್ತೊತ್ತಾಗಿವೆ ಅಂದರೆ ದಪ್ಪ ವೈರಿನ ಸ್ಪೇಡ್ (ತುದಿಯ ಕವಲುಕೊಂಡಿ) ಹಾಕಿದರೆ ಕೆಂಪೂ ಕಪ್ಪೂ ಒಂದನ್ನೊಂದು ಮುಟ್ಟಲು ಒಂದು ಮಿಲಿಮೀಟರ್ ಬಾಕಿ. ಮುಂದುಗಡೆಯ ನೀಲಿ ದೀಪದ ಬಗ್ಗೆ ಏನೂ ಹೇಳುವುದಿಲ್ಲ. ಅದರ ಬೆಳಕಿನಲ್ಲಿ ಪುಸ್ತಕ ಓದಬಹುದು.

ಇವೆಲ್ಲಾ ಸಹಿಸಿಕೊಂಡೆ. ಈಗ ಕಳೆದ ಶನಿವಾರಕ್ಕೆ ಬರುತ್ತೇನೆ.

ನಿಮ್ಮ ಎಂಜಿನಿಯರ್ ಬಂದರು. ಬಂದವರೇ ಆಂಪಿಗೆ ಕಿವಿ ಕೊಡದೆ, ಮೊಬೈಲಿನಲ್ಲಿ ಯಾವುದೋ ಡೆಸಿಬಲ್ ಆ್ಯಪ್ ತೆರೆದು ಆಂಪಿನ ಮೇಲಿಟ್ಟರು. ಫ್ಯಾನ್ ತಿರುಗುತ್ತಿತ್ತು. ನಾನೇ ಎದ್ದು ಆರಿಸಿದೆ. ಮನೆಯಲ್ಲಿ ನನ್ನ ಹೆಂಡತಿ, ಮಗಳು, ಮತ್ತು ಅಂಗೈಗೆ ಪಟ್ಟಿ ಕಟ್ಟಿಕೊಂಡಿದ್ದ ಮಹಡಿಯವರು ಇದ್ದರು. ಎಲ್ಲರ ಎದುರಿಗೆ ನಡೆದ ಮಾತುಕತೆ ಹೀಗಿದೆ.

"ನಂಗೇನೂ ಕೇಳಿಸ್ತಾ ಇಲ್ವಲ್ಲ ಸಾರ್."

"ಇಲ್ಲಿ ಕುರ್ಚಿಯಲ್ಲಿ ಕೂತು ಒಂದು ನಿಮಿಷ ಸುಮ್ಮನಿರಿ, ಕೇಳಿಸುತ್ತೆ."

ಅವರು ಕೂತರು. ಹದಿನೈದು ಸೆಕೆಂಡ್ ಆಗಿರಬಹುದು. "ನಿಮ್ಮ ವಯಸ್ಸೆಷ್ಟು ಸಾರ್?"

"ಐವತ್ತೆಂಟು. ಯಾಕೆ?"

"ಅಲ್ಲ, ಈ ವಯಸ್ಸಲ್ಲಿ ಕೆಲವರಿಗೆ ಕಿವಿ ಒಳಗೇ ಗುಂಯ್ ಅನ್ನುತ್ತೆ. ನಮ್ಮ ದೊಡ್ಡಪ್ಪಂಗೂ ಹಾಗೇ ಇತ್ತು. ಒಂದ್ಸಲ ಡಾಕ್ಟರಿಗೆ ತೋರಿಸ್ಬಿಡಿ."

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಮೂವತ್ತು ವರ್ಷದಿಂದ ಅವಳು ಹೇಳುತ್ತಾ ಬಂದ ಮಾತಿಗೆ ಕಂಪನಿಯಿಂದ ಅಧಿಕೃತ ಒಪ್ಪಿಗೆ ಸಿಕ್ಕಿತ್ತು.

ಹಾಗಾದರೆ ಪರೀಕ್ಷೆ ಮಾಡಿ ಅಂದೆ. ಮಾಡೋಣ ಅಂದರು. ನನ್ನನ್ನು ಹೊರಗೆ ಕಳಿಸುವುದು, ಮಗಳು ನಾಣ್ಯ ಚಿಮ್ಮುವುದು, ತಲೆ ಬಿದ್ದರೆ ಆಂಪ್ ಆನ್, ಇಲ್ಲದಿದ್ದರೆ ಆಫ್. ಒಳಗಿನ ಸ್ವಿಚ್ಚು, ಅಂದರೆ ರಿಲೇ, ಟಕ್ ಅನ್ನುವುದು ಮುಗಿದ ಮೇಲೆ ನನ್ನನ್ನು ಒಳಗೆ ಕರೆಯುವುದು. ನೀಲಿ ದೀಪ ಕಾಣದಂತೆ ಮುಂಭಾಗಕ್ಕೆ ಟವೆಲ್ ಇಳಿಬಿಟ್ಟರು. ನಾನು ಕುರ್ಚಿಯಲ್ಲಿ ಕೂತು ಆನ್ ಅಥವಾ ಆಫ್ ಹೇಳಬೇಕು. ಹತ್ತು ಸಲ. ಐವತ್ತೆಂಟು ವರ್ಷದವನು, ನನ್ನದೇ ಮನೆಯಲ್ಲಿ, ಮಗ್ಗಿ ಬಾರದ ಹುಡುಗನ ಹಾಗೆ ಹತ್ತು ಸಲ ಬಾಗಿಲಾಚೆ ನಿಂತು, ಹತ್ತು ಸಲ ಕರೆಸಿಕೊಂಡು ಒಳಗೆ ಬಂದೆ. ಆರನೇ ಸಲಕ್ಕೆ ಎದುರುಮನೆಯವರು "ಏನಾದ್ರೂ ತೊಂದರೆನಾ?" ಅಂತ ಕೇಳಿದರು. ಆಂಪ್ಲಿಫೈಯರ್ ಅಂದೆ. ಅವರು ಅರ್ಥವಾದವರಂತೆ ತಲೆಯಾಡಿಸಿ ಬಾಗಿಲು ಹಾಕಿಕೊಂಡರು.

ಹತ್ತಕ್ಕೆ ಹತ್ತೂ ಸರಿ ಹೇಳಿದೆ. ಬರೀ ಊಹೆಯ ಮೇಲೆ ಹಾಗೆ ಬರುವ ಸಾಧ್ಯತೆ 1024ರಲ್ಲಿ ಒಂದು. ಮಗಳು ಚಪ್ಪಾಳೆ ತಟ್ಟಿದಳು. ನಿಮ್ಮ ಎಂಜಿನಿಯರ್ ಹೇಳಿದ್ದು: "ಪರವಾಗಿಲ್ಲ ಸಾರ್, ಕಿವಿ ಚೆನ್ನಾಗೇ ಇದೆ."

ಆಮೇಲೆ ನಾನು ಕಂಡುಹಿಡಿದದ್ದನ್ನೂ ತೋರಿಸಿದೆ. ನನ್ನ ಹೆಂಡತಿಯ ಹೇರ್ ಡ್ರೈಯರನ್ನು ಕಡಿಮೆ ವೇಗದಲ್ಲಿ ಹಾಕಿದರೆ ಆಂಪಿನ ಗುಂಯ್ ಗುರ್ ಆಗುತ್ತದೆ. ಜೋರು ವೇಗದಲ್ಲಿ ಹಾಕಿದರೆ ಮೊದಲಿನಷ್ಟಕ್ಕೇ ಇಳಿಯುತ್ತದೆ. ಕಾರಣ ನಿಮಗೆ ಗೊತ್ತಿರಲೇಬೇಕು. ಅಂಥ ಡ್ರೈಯರಿನಲ್ಲಿ ಕಡಿಮೆ ವೇಗಕ್ಕೆ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ ಕರೆಂಟಿನ ಅರ್ಧ ಅಲೆಯನ್ನು ಮಾತ್ರ ಎಳೆಯುತ್ತಾರೆ. ಮನೆಯ ಲೈನಿನಲ್ಲಿ ಅಲೆಯ ಒಂದು ಬದಿ ಕುಗ್ಗಿ, ಚೂರು ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು, ಸೇರಿದ ಹಾಗಾಗುತ್ತದೆ. ನಿಮ್ಮ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರಿನ ಉಂಗುರದಂಥ ಕೋರಿನಲ್ಲಿ ಗಾಳಿಸಂದು ಇರುವುದಿಲ್ಲವಾದ್ದರಿಂದ, ಒಂದು ವೋಲ್ಟಿಗಿಂತ ಕಡಿಮೆ ಡಿಸಿ ಇದ್ದರೂ ಅದು ಒಂದು ಬದಿಗೆ ಸ್ಯಾಚುರೇಟ್ ಆಗಿ, ಅಂದರೆ ಇನ್ನು ಕಾಂತಶಕ್ತಿ ಹಿಡಿಸದಷ್ಟು ತುಂಬಿ, ನಡುಗುತ್ತದೆ. ಡ್ರೈಯರ್ ಇಲ್ಲದಿದ್ದಾಗಲೂ ಬೀದಿಯ ಲೈನಿನಲ್ಲಿ ಇಷ್ಟಿಷ್ಟು ಡಿಸಿ ಇದ್ದೇ ಇರುತ್ತದೆ. ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಸದ್ದು ಬರಲಿಲ್ಲ ಯಾಕೆ ಅಂತಲೂ ನಿಮ್ಮ ಎಂಜಿನಿಯರೇ ಬಾಯಿಬಿಟ್ಟರು: ಅಲ್ಲಿ ಟೆಸ್ಟ್ ಬೆಂಚಿಗೆ ಬರುವುದು ಲ್ಯಾಬಿನ ಯಂತ್ರದಿಂದ ಹೊಸದಾಗಿ ತಯಾರಾದ ಶುದ್ಧ ಸೈನ್ ವೇವ್, ಅಂದರೆ ಡಿಸಿ ಸೇರದ ಸಮನಾದ ಅಲೆ. ಅಂಥ ಕರೆಂಟು ನನ್ನ ಮನೆಗೆ ಬರುವುದಿಲ್ಲ. ಯಾರ ಮನೆಗೂ ಬರುವುದಿಲ್ಲ.

ಇದಕ್ಕೆ ಮದ್ದು ಒಂದು ಡಿಸಿ ಬ್ಲಾಕರ್, ಡಿಸಿಯನ್ನು ಟ್ರಾನ್ಸ್‌ಫಾರ್ಮರಿಗೆ ಹೋಗದಂತೆ ತಡೆಯುವ ಸಣ್ಣ ಸರ್ಕ್ಯೂಟ್. ಒಂದೆರಡು ದೊಡ್ಡ ಕೆಪಾಸಿಟರ್, ನಾಲ್ಕು ಡಯೋಡ್. ಮುಂದಿನ ಅಲ್ಯೂಮಿನಿಯಂ ಫಲಕವನ್ನು ಹೆಬ್ಬೆರಳಿನಷ್ಟು ದಪ್ಪ ಮಾಡಲು ನಿಮಗೆ ಮನಸ್ಸು ಬಂದಿದೆ. ಇದಕ್ಕೆ ಬರಲಿಲ್ಲ.

ಇಷ್ಟು ವಿವರಿಸಿದ ಮೇಲೆ ಸಿಕ್ಕ ಪರಿಹಾರ: "ಹಾಗಾದ್ರೆ ಹೇರ್ ಡ್ರೈಯರ್ ಹಾಕ್ಬೇಡಿ ಸಾರ್."

ಬೇರೆ ಆಂಪನ್ನಾದರೂ ಬದಲಿಗೆ ಕೊಟ್ಟು ನೋಡಿ ಅಂದೆ. "ಏನು ಬದಲಾಗುತ್ತೆ ಸಾರ್? ನಿಜ ಹೇಳ್ಬೇಕಂದ್ರೆ ಎಲ್ಲಾ ಆಂಪೂ ಒಂದೇ ಥರ ಕೇಳಿಸೋದು" ಅಂದರು. ಈ ವಾದ ಹೊಸದಲ್ಲ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಆಡಿಯೋ ಪತ್ರಿಕೆಯವರ ಜೊತೆ ಪಂಥ ಕಟ್ಟಿ, ಹೋಟೆಲ್ ರೂಮಿನಲ್ಲಿ ಕೂತು, ತನ್ನ ಅಗ್ಗದ ಆಂಪನ್ನು ಅವರ ಮೆಚ್ಚಿನ ದುಬಾರಿ ಆಂಪಿನ ಹಾಗೇ ಕೇಳಿಸುವಂತೆ ತಿದ್ದಿ ತೋರಿಸಿದ್ದ. ನಾನು ಆ ವಾದಕ್ಕೆ ಅರ್ಧ ಒಪ್ಪುವವನೇ. ಆದರೆ ಅದನ್ನು ಹೇಳಬೇಕಾದ್ದು ನಾನು ದುಡ್ಡು ಕೊಡುವ ಮೊದಲು, ನಿಮ್ಮ ಷೋರೂಮಿನಲ್ಲಿ, ನಿಮ್ಮ ಮಾರಾಟದ ಹುಡುಗ. ಅವನು ಕೈಮುಗಿಯುವ ಕೆಲಸದಲ್ಲಿದ್ದ.

ಕೊನೆಗೆ ಜಾಬ್ ಶೀಟ್ ಮುಂದೆ ಚಾಚಿದರು. ಅದರಲ್ಲಿ ಬರೆದದ್ದು ಇಷ್ಟು: "ಯಂತ್ರದಲ್ಲಿ ದೋಷವಿಲ್ಲ. ಗ್ರಾಹಕರ ಕಿವಿ ಅತಿ ಸೂಕ್ಷ್ಮ. ತಲೆ ಒಣಗಿಸುವ ಬಗ್ಗೆ ಸಲಹೆ ನೀಡಲಾಗಿದೆ. ದೂರು ಮುಕ್ತಾಯ." ನಾನು ಸಹಿ ಹಾಕಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ "ಮೆಸೇಜ್ ಬರುತ್ತೆ, ಐದು ಸ್ಟಾರ್ ಕೊಟ್ಬಿಡಿ ಸಾರ್, ನಮ್ಗೂ ಟಾರ್ಗೆಟ್ ಇರುತ್ತೆ" ಅಂದರು. ಆ ಎಂಜಿನಿಯರ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಆ ನಾಲ್ಕು ಸಾಲು ಬರೆಯಲು ಕಲಿಸಿದವರ ಮೇಲಿದೆ.

ಅಂದರೆ ಲೆಕ್ಕ ಹೀಗಾಯಿತು. ಕೊಳ್ಳುವಾಗ ನನ್ನದು ಸಂಗೀತದ ಕಿವಿ. ದೂರು ಕೊಟ್ಟಾಗ ಕಾಯಿಲೆಯ ಕಿವಿ. ಪರೀಕ್ಷೆಯಲ್ಲಿ ಪಾಸಾದ ಮೇಲೆ ಅತಿ ಸೂಕ್ಷ್ಮ ಕಿವಿ. ಐದು ತಿಂಗಳಲ್ಲಿ ಒಂದೇ ಜೊತೆ ಕಿವಿಗೆ ಮೂರು ಸರ್ಟಿಫಿಕೇಟು. ಆಂಪಿಗೆ ಒಂದೂ ಇಲ್ಲ.

15 ದಿನದೊಳಗೆ ಟ್ರಾನ್ಸ್‌ಫಾರ್ಮರ್ ಬದಲಿಸಿ, ಇಲ್ಲವೇ ಡಿಸಿ ಬ್ಲಾಕರ್ ಹಾಕಿ. ಎರಡರಲ್ಲಿ ಯಾವುದು ಮಾಡಿದರೂ ನನ್ನ ಮನೆಯ ಕರೆಂಟಿನಲ್ಲಿ, ನನ್ನ ಕುರ್ಚಿಯಲ್ಲಿ ಕೂತು ಒಪ್ಪಿಸಿ. ಬಾಗಿದ ರೆಕ್ಕೆ ಸರಿಮಾಡಿ. ಆ ಜಾಬ್ ಶೀಟನ್ನು ರದ್ದು ಮಾಡಿದ್ದೇವೆ ಅಂತ ಬರಹದಲ್ಲಿ ಕೊಡಿ. ಫೋನ್ ಮಾಡಬೇಡಿ. ಫೋನಿನಲ್ಲಿ ಮಾತಾಡಿ ಸಾಕಾಗಿದೆ.

ಆಗದಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ, ಅದು ಹೇಗೂ ಇದ್ದೇ ಇದೆ. ಅದಕ್ಕೂ ಮುಂಚೆ 16ನೇ ದಿನ ಬೆಳಿಗ್ಗೆ ನಾನು, ಮಹಡಿಯವರು, ಇನ್ನಿಬ್ಬರು ಸೇರಿ 46 ಕೆ.ಜಿ.ಯನ್ನು ಹೊತ್ತು ನಿಮ್ಮ ಷೋರೂಮಿಗೆ ಬರುತ್ತೇವೆ. ನೀವು ಗಿರಾಕಿಗಳನ್ನು ಕೂರಿಸಿ ಹಾಡು ಕೇಳಿಸುವ ಆ ಕೋಣೆಯ ನಡುವೆ ಅದನ್ನು ಇಟ್ಟು, ಗೋಡೆಯ ಸಾಕೆಟ್ಟಿಗೆ ಹಾಕಿ, ಆನ್ ಮಾಡುತ್ತೇನೆ. ಸ್ಪೀಕರ್ ತರುವುದಿಲ್ಲ. ಹೇರ್ ಡ್ರೈಯರ್ ತರುತ್ತೇನೆ.

ಇಂತಿ,
ನಿಮ್ಮ ಅತಿ ಸೂಕ್ಷ್ಮ ಕಿವಿಯ ಗ್ರಾಹಕ

ಲಗತ್ತು: ಮೂರು ದೂರುಗಳ ಪ್ರತಿ, ಸಹಿ ಇಲ್ಲದ ಜಾಬ್ ಶೀಟ್, ಹತ್ತು ಸಲದ ಪರೀಕ್ಷೆಯ ಫಲಿತಾಂಶ (ಮಗಳ ಕೈಬರಹದಲ್ಲಿ)